ಒಂದು ಇಟ್ಟಿಗೆ ಮನೆ ಮಾಡಿದ ಕೆಲಸಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ, ಇಂಗ್ಲಿಷ್ ಕಲಿಯುವುದರ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಆ ಪ್ರಶ್ನೆಗಳು ಇರುವ ಮಕ್ಕಳ ಜೊತೆ ಊಟ ಆದ ಮೇಲೆ ಬೇವಿನ ಮರದ ಕೆಳಗೆ ಕೂರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಈಗ ಮಾತ್ರ ಒಂದು ಮನೆಯ ವಿಷಯ ಹೇಳುತ್ತೇನೆ. ಯಾಕೆಂದರೆ ಈ ಸಮಾರಂಭ ಮುಗಿದ ಮೇಲೆ ನಾವೆಲ್ಲ ಸೇರಿ ತೀರ್ಮಾನ ಮಾಡಬೇಕಾದ ಒಂದು ಸಂಗತಿ ಇದೆ. ನಮ್ಮ ಶಾಲೆಯ ಹಳೇ ಹೆಂಚಿನ ಕಟ್ಟಡವನ್ನು ಕೆಡವುವುದೋ, ಉಳಿಸಿಕೊಳ್ಳುವುದೋ? ಊರಿನಲ್ಲಿ ಎರಡೂ ಕಡೆ ಮಾತಾಡುವವರಿದ್ದಾರೆ. ನಾನು ಯಾವ ಕಡೆ ಎಂದು ಹೇಳುವ ಮೊದಲು ಈ ಮನೆಯ ಕತೆಯನ್ನು ಕೇಳಿ.

ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ನಾನು ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ಊರಿನಲ್ಲಿದ್ದೆ. ಅದು ಕಾಲುವೆಗಳ ಊರು. ನಮ್ಮಲ್ಲಿ ಬೀದಿಯ ಪಕ್ಕ ಚರಂಡಿ ಇದ್ದ ಹಾಗೆ ಅಲ್ಲಿ ಬೀದಿಯ ಪಕ್ಕ ದೋಣಿ ಹೋಗುವಂಥ ಕಾಲುವೆ. ಆ ನೆಲದಲ್ಲಿ ಕಲ್ಲಿಲ್ಲ. ನದಿಗಳು ತಂದು ಹಾಕಿದ ಜೇಡಿ ಮಣ್ಣು ಬೇಕಾದಷ್ಟಿದೆ. ಹಾಗಾಗಿ ಅಲ್ಲಿಯವರು ನೂರಾರು ವರ್ಷಗಳಿಂದ ಇಟ್ಟಿಗೆ ಸುಟ್ಟು ಮನೆ ಕಟ್ಟಿದವರು. ನೆಲ ಮೆತ್ತಗಿರುವುದರಿಂದ ಮೊದಲು ಉದ್ದುದ್ದ ಮರದ ಕಂಬಗಳನ್ನು ಕೆಸರಿನ ಕೆಳಗಿನ ಗಟ್ಟಿ ಮರಳಿನವರೆಗೆ ಹೊಡೆದು, ಅದರ ಮೇಲೆ ಗೋಡೆ ಎಬ್ಬಿಸುತ್ತಿದ್ದರು. ಕಾಲುವೆಯ ಕಡೆಗೆ ಮನೆಯ ಅಗಲ ಸಣ್ಣದು, ಹಿಂದಕ್ಕೆ ಉದ್ದ ಜಾಸ್ತಿ. ಏಣಿಯಂತೆ ಕಡಿದಾದ ಮೆಟ್ಟಿಲು. ಮಂಚ, ಬೀರು ಹೊತ್ತು ಹತ್ತಲು ಆಗುವುದಿಲ್ಲ. ಅದಕ್ಕೆ ಮನೆಯ ನೆತ್ತಿಯಲ್ಲಿ ಒಂದು ತೊಲೆ ಚಾಚಿ, ಅದಕ್ಕೆ ಕೊಕ್ಕೆ ಹಾಕಿ, ಹಗ್ಗದಿಂದ ಎಳೆದು ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಬಾವಿಯಿಂದ ಕೊಡ ಸೇದಿದ ಹಾಗೆ.

ಅಂಥ ಒಂದು ಕಾಲುವೆಯ ಹೆಸರು ಪ್ರಿನ್ಸೆನ್‌ಗ್ರಾಖ್ಟ್. ಅದರ ದಡದಲ್ಲಿ 263ನೇ ನಂಬರಿನ ಮನೆ ಇದೆ. ಅದನ್ನು ಕಟ್ಟಿದ್ದು 1635ರಲ್ಲಿ. ನಮ್ಮಲ್ಲಿ ಅದು ಇಕ್ಕೇರಿ ನಾಯಕರ ಕಾಲ, ಮೈಸೂರು ಒಡೆಯರ ಕಾಲ. ಮನೆಯಲ್ಲಿ ಎರಡು ಭಾಗ. ಬೀದಿಗೆ ಕಾಣುವುದು ಮುಂಮನೆ, ಅದರ ಬೆನ್ನಿಗೆ ಒಂದು ಓಣಿಯಿಂದ ಕೂಡಿಕೊಂಡಿರುವುದು ಹಿಂಮನೆ. ಬೀದಿಯಲ್ಲಿ ನಿಂತವರಿಗೆ ಹಿಂಮನೆ ಇದೆ ಎಂದೇ ತಿಳಿಯುವುದಿಲ್ಲ. ಸುಮಾರು 1740ರಲ್ಲಿ ಹಳೇ ಹಿಂಮನೆಯನ್ನು ಕೆಡವಿ ಇನ್ನೂ ಎತ್ತರದ್ದನ್ನು ಕಟ್ಟಿದರು, ಮುಂಭಾಗಕ್ಕೂ ಹೊಸ ರೂಪ ಕೊಟ್ಟರು. ಅಂದರೆ ಇವತ್ತು ಜಗತ್ತು ನೋಡಲು ಬರುವ ಈ 'ಹಳೇ ಮನೆ' ಕೂಡ ಒಮ್ಮೆ ಕೆಡವಿ ಕಟ್ಟಿಸಿಕೊಂಡದ್ದೇ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಮನೆ ಏನೇನು ಕೆಲಸ ಮಾಡಿತು ಎಂದು ಲೆಕ್ಕ ಹಾಕೋಣ. ಮೊದಲು ಜನ ವಾಸವಿದ್ದ ಮನೆ. ಆಮೇಲೆ ಸರಕು ತುಂಬುವ ಗೋದಾಮು. ಹತ್ತೊಂಬತ್ತನೇ ಶತಮಾನದಲ್ಲಿ ಕೆಳಗಿನ ಅಂತಸ್ತಿನ ಅಗಲ ಬಾಗಿಲ ಹಿಂದೆ ಕುದುರೆ ಕಟ್ಟುತ್ತಿದ್ದರು, ಕುದುರೆ ಲಾಯ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಮನೆಬಳಕೆಯ ಸಾಮಾನು ತಯಾರಿಸುವವರು ಬಂದರು. 1930ರ ಹೊತ್ತಿಗೆ ಅವರು ಹೋಗಿ, ಪಿಯಾನೋ ಸುರುಳಿ ಮಾಡುವವರು ಬಂದರು.

ಪಿಯಾನೋ ಸುರುಳಿ ಎಂದರೆ ತೂತು ಹೊಡೆದ ಉದ್ದನೆಯ ಕಾಗದ. ಅದನ್ನು ಪಿಯಾನೋಗೆ ಸಿಕ್ಕಿಸಿ ತಿರುಗಿಸಿದರೆ ತೂತು ಬಂದ ಕಡೆ ಸ್ವರ ಹೊರಡುತ್ತದೆ. ನುಡಿಸುವವರೇ ಬೇಡ. ನನ್ನಂಥವರ ಕಸುಬಿಗೆ ಇದು ದೂರದ ನೆಂಟ. ಮೊದಮೊದಲ ಕಂಪ್ಯೂಟರುಗಳಿಗೂ ಹೀಗೇ ತೂತು ಹೊಡೆದ ಕಾಗದದಲ್ಲೇ ಆದೇಶ ಕೊಡುತ್ತಿದ್ದರು. ಕುದುರೆ ಕೆನೆಯುತ್ತಿದ್ದ ಜಾಗದಲ್ಲಿ ಸಂಗೀತದ ಕಾಗದ ತಯಾರಾಯಿತು. ಮನೆ ಅದಕ್ಕೂ ಜಾಗ ಕೊಟ್ಟಿತು.

1940ರ ಡಿಸೆಂಬರಿನಲ್ಲಿ ಇನ್ನೊಬ್ಬ ಬಾಡಿಗೆದಾರರು ಬಂದರು. ಅವರ ಹೆಸರು ಓಟೋ ಫ್ರಾಂಕ್. ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಎಂಬ ಪುಡಿಯ ವ್ಯಾಪಾರ, ಜೊತೆಗೆ ಮಾಂಸಕ್ಕೆ ಹಾಕುವ ಮಸಾಲೆ ಸಾಮಾನಿನ ವ್ಯಾಪಾರ. ಕೆಳಗೆ ಮಸಾಲೆ ಬೀಸುವ ಯಂತ್ರ, ಮೇಲೆ ಕಚೇರಿ, ಹಿಂಮನೆಯ ಮೇಲಿನ ಕೋಣೆಗಳು ಹೆಚ್ಚುಕಡಿಮೆ ಖಾಲಿ.

ಓಟೋ ಫ್ರಾಂಕ್ ಯಹೂದಿ. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಊರು ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ಬಂದವರು. ಆದರೆ 1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಅಲ್ಲಿಗೂ ಬಂತು. ಒಂದಾದ ಮೇಲೆ ಒಂದು ಆದೇಶ. ಯಹೂದಿಗಳು ವ್ಯಾಪಾರ ನಡೆಸಬಾರದು, ಉದ್ಯಾನಕ್ಕೆ ಹೋಗಬಾರದು, ಸಿನಿಮಾ ನೋಡಬಾರದು, ಟ್ರಾಮ್ ಹತ್ತಬಾರದು, ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು. ಮಕ್ಕಳೇ, ಅದರಲ್ಲಿ ಒಂದು ಆದೇಶ ಶಾಲೆಯದು. 1941ರಲ್ಲಿ ಯಹೂದಿ ಮಕ್ಕಳನ್ನು ಅವರು ಓದುತ್ತಿದ್ದ ಶಾಲೆಗಳಿಂದ ಬಿಡಿಸಿ ಬೇರೆ ಶಾಲೆಗೆ ಹಾಕಿದರು. ಓಟೋ ಅವರ ಕಿರಿ ಮಗಳು ಆನ್, ಹಿರಿ ಮಗಳು ಮಾರ್ಗೋ ಇಬ್ಬರೂ ಹಾಗೆ ಗೆಳತಿಯರನ್ನು ಬಿಟ್ಟು ಹೋದವರೇ. ಮರುವರ್ಷ ಜುಲೈನಲ್ಲಿ ಮಾರ್ಗೋಗೆ ಕಾರ್ಮಿಕ ಶಿಬಿರಕ್ಕೆ ಹಾಜರಾಗು ಎಂದು ನೋಟೀಸು ಬಂತು. ಮಾರನೇ ದಿನವೇ, 1942ರ ಜುಲೈ 6ರಂದು, ಇಡೀ ಕುಟುಂಬ ಆ ಇಟ್ಟಿಗೆ ಮನೆಯ ಹಿಂಭಾಗಕ್ಕೆ ಸೇರಿಕೊಂಡಿತು. ಆಮೇಲೆ ಇನ್ನೊಂದು ಕುಟುಂಬದ ಮೂವರು ಬಂದರು, ಕೊನೆಗೆ ಒಬ್ಬ ಹಲ್ಲಿನ ಡಾಕ್ಟರು. ಒಟ್ಟು ಎಂಟು ಜನ. ಎರಡು ವರ್ಷಕ್ಕೂ ಮೇಲೆ ಅವರು ಬೀದಿಗೆ ಕಾಲಿಡಲಿಲ್ಲ.

ಆಗ ಆನ್‌ಗೆ ಹದಿಮೂರು ವರ್ಷ. ನಮ್ಮ ಶಾಲೆಯ ಎಂಟನೇ ತರಗತಿಯ ವಯಸ್ಸು.

ಹಿಂಮನೆಗೆ ಹೋಗುವ ಬಾಗಿಲು ಕಾಣದಿರಲೆಂದು ಅದರ ಮುಂದೆ ಒಂದು ಪುಸ್ತಕದ ಕಪಾಟು ಮಾಡಿ ಕೂರಿಸಿದರು. ತಿರುಗಣಿ ಇದ್ದ ಕಪಾಟು, ಎಳೆದರೆ ಬಾಗಿಲಂತೆ ತೆರೆಯುತ್ತಿತ್ತು. ಮಾಡಿದ್ದು ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದ ಬೆಪ್ ವೊಸ್ಕೌಲ್ ಎಂಬ ಹೆಣ್ಣುಮಗಳ ತಂದೆ. ಕಚೇರಿಯ ನಾಲ್ವರು, ಮೀಪ್ ಗೀಸ್, ಬೆಪ್, ಕ್ಲೈಮನ್, ಕೂಗ್ಲರ್, ಜೀವದ ಹಂಗು ತೊರೆದು ಎಂಟು ಜನಕ್ಕೆ ಅನ್ನ, ಬಟ್ಟೆ, ಪುಸ್ತಕ ತಂದುಕೊಟ್ಟರು. ಕೆಳಗಿನ ಗೋದಾಮಿನ ಆಳುಗಳಿಗೆ ವಿಷಯ ಗೊತ್ತಿರಲಿಲ್ಲ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಮೇಲಿನವರು ನಲ್ಲಿ ತಿರುಗಿಸುವ ಹಾಗಿರಲಿಲ್ಲ, ಚಪ್ಪಲಿ ಹಾಕಿ ನಡೆಯುವ ಹಾಗಿರಲಿಲ್ಲ, ಜೋರಾಗಿ ಕೆಮ್ಮುವ ಹಾಗಿರಲಿಲ್ಲ.

ಅಲ್ಲಿ ಅವರು ದಿನವಿಡೀ ಏನು ಮಾಡುತ್ತಿದ್ದರು ಗೊತ್ತೇ? ಓದುತ್ತಿದ್ದರು. ಓಟೋ ಫ್ರಾಂಕ್ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಶಾರ್ಟ್‌ಹ್ಯಾಂಡ್ ಕಲಿಯಲು, ಲ್ಯಾಟಿನ್ ಕಲಿಯಲು ಅಂಚೆ ಮೂಲಕ ಪಾಠ ತರಿಸಿಕೊಂಡರು, ಬೆಪ್ ಅವರ ಹೆಸರಿನಲ್ಲಿ. ಮುಂದೆ ಬದುಕು ಇದೆ, ಶಾಲೆಗೆ ವಾಪಸ್ಸು ಹೋಗುತ್ತೇವೆ, ಹಿಂದೆ ಬೀಳಬಾರದು ಎಂದು ಆ ಮಕ್ಕಳು ಓದಿದರು. ಮನೆ, ಗೋದಾಮು, ಲಾಯ, ಕಾರ್ಖಾನೆ, ಕಚೇರಿ ಎಂದು ಆಗಲೇ ಲೆಕ್ಕ ಹಾಕಿದೆವಲ್ಲ, ಆ ಪಟ್ಟಿಗೆ ಇದನ್ನೂ ಸೇರಿಸಿ. ಆ ಮನೆ ಎರಡು ವರ್ಷ ಒಂದು ಶಾಲೆಯೂ ಆಗಿತ್ತು. ಗಂಟೆ ಹೊಡೆಯದ, ಹಾಜರಿ ಕೂಗದ, ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಲಾಗದ ಶಾಲೆ.

1944ರ ಆಗಸ್ಟ್ 4ರಂದು ಪೊಲೀಸರು ಬಂದರು. ಎಂಟೂ ಜನರನ್ನು ಹಿಡಿದೊಯ್ದರು. ಆನ್ ಮತ್ತು ಮಾರ್ಗೋ 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಎಂಬ ಶಿಬಿರದಲ್ಲಿ ತೀರಿಕೊಂಡರು. ಆನ್‌ಗೆ ಹದಿನೈದು ವರ್ಷ. ಎಂಟು ಜನರಲ್ಲಿ ಬದುಕಿ ಬಂದದ್ದು ಓಟೋ ಒಬ್ಬರೇ. ಹಿಂಮನೆಯಲ್ಲಿದ್ದ ಮಂಚ, ಮೇಜು ಎಲ್ಲವನ್ನೂ ಸಾಗಿಸಿಬಿಟ್ಟಿದ್ದರು. ನೆಲದ ಮೇಲೆ ಚೆಲ್ಲಿದ್ದ ಆನ್ ಬರೆದ ದಿನಚರಿಯ ಪುಸ್ತಕ, ಹಾಳೆಗಳನ್ನು ಮಾತ್ರ ಮೀಪ್ ಮತ್ತು ಬೆಪ್ ಆಯ್ದಿಟ್ಟಿದ್ದರು. ಮೀಪ್ ಅದನ್ನು ಓದದೆ ತಮ್ಮ ಮೇಜಿನ ಖಾನೆಯಲ್ಲಿಟ್ಟು, ಆಮೇಲೆ ತಂದೆಯ ಕೈಗೆ ಕೊಟ್ಟರು. 1947ರಲ್ಲಿ ಅದು ಪುಸ್ತಕವಾಗಿ ಬಂತು. ಅದರ ಮೊದಲ ಹೆಸರು 'ಹೆಟ್ ಆಖ್ತರ್‌ಹೌಸ್'. ಹಾಗೆಂದರೆ ಹಿಂಮನೆ ಎಂದೇ ಅರ್ಥ.

ಇಲ್ಲಿಯವರೆಗಿನ ಕತೆ ನಿಮ್ಮಲ್ಲಿ ಕೆಲವರು ಓದಿರಬಹುದು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆಮೇಲಿನದ್ದು.

ಯುದ್ಧ ಮುಗಿದ ಮೇಲೂ ಅದೇ ಮಸಾಲೆ ಕಂಪನಿ ಅದೇ ಕಟ್ಟಡದಲ್ಲಿ ನಡೆಯುತ್ತಿತ್ತು. ಪುಸ್ತಕ ಓದಿದವರು ಒಬ್ಬೊಬ್ಬರಾಗಿ ಬಂದು ಬಾಗಿಲು ತಟ್ಟಿ, ಆ ಕೋಣೆಗಳನ್ನು ನೋಡಬಹುದೇ ಎಂದು ಕೇಳುತ್ತಿದ್ದರು. ಕಚೇರಿಯವರು ಕೆಲಸ ಬಿಟ್ಟು ಎದ್ದು ತೋರಿಸುತ್ತಿದ್ದರು. ಆದರೆ ಕಟ್ಟಡ ಹಳೆಯದಾಗಿತ್ತು, ಸೋರುತ್ತಿತ್ತು. 1955ರಲ್ಲಿ ಕಂಪನಿ ಬೇರೆ ಕಡೆ ಹೋಯಿತು. ಅಕ್ಕಪಕ್ಕದ ಮನೆಗಳ ಜೊತೆ ಇದನ್ನೂ ಕೊಂಡವರು ಎಲ್ಲವನ್ನೂ ಕೆಡವಿ ಹೊಸದು ಕಟ್ಟಲು ಹೊರಟರು.

ಯೋಚಿಸಿ. ಪುಸ್ತಕ ಆಗಲೇ ಹಲವು ಭಾಷೆಗಳಲ್ಲಿ ಬಂದಿತ್ತು. ಆದರೂ ಅದೇ ಊರಿನಲ್ಲಿ, ಘಟನೆ ನಡೆದು ಹನ್ನೊಂದೇ ವರ್ಷಕ್ಕೆ ಆ ಮನೆ ಕೆಡವಲು ತಯಾರಿ ಆಗಿತ್ತು. ಕೆಡವಲು ಹೊರಟವರು ಕೆಟ್ಟವರೆಂದಲ್ಲ. ಅವರ ಕಣ್ಣಿಗೆ ಅದು ಒಂದು ಶಿಥಿಲ ಗೋದಾಮು, ಅಷ್ಟೇ.

ಮುನ್ನೂರು ವರ್ಷ ಆ ಮನೆ ನಿಂತದ್ದು ಯಾರೋ ಪೂಜೆ ಮಾಡಿದ್ದರಿಂದಲ್ಲ. ಪ್ರತಿ ಕಾಲದಲ್ಲೂ ಅದು ಯಾರಿಗೋ ಉಪಯೋಗಕ್ಕೆ ಬಂತು, ಅದಕ್ಕೇ ನಿಂತಿತು. ಕುದುರೆಯಾದರೂ ಸರಿ, ಮಸಾಲೆಯಾದರೂ ಸರಿ, ಒಳಗೆ ಕೆಲಸವಿದ್ದರೆ ಹೊರಗಿನ ಗೋಡೆಗೆ ಗಾರೆ ಬೀಳುತ್ತದೆ. ಇವತ್ತೂ ಅದು ನಿಂತಿದೆ, ಯಾಕೆಂದರೆ ಇವತ್ತು ಅದನ್ನು ಜಗತ್ತು ನೆನೆಯುತ್ತದೆ. ಉಪಯೋಗ ಮುಗಿದು, ನೆನಪು ಇನ್ನೂ ಗಟ್ಟಿಯಾಗದ ನಡುವಿನ ಕೆಲವು ವರ್ಷಗಳಿವೆಯಲ್ಲ, ಅವೇ ಕಟ್ಟಡಕ್ಕೆ ಅಪಾಯದ ವರ್ಷಗಳು. ಮಳೆಗಿಂತ, ಗೆದ್ದಲಿಗಿಂತ ಹೆಚ್ಚಿನ ಅಪಾಯ.

ಆ ಮನೆ ಹೇಗೆ ಉಳಿಯಿತು? 1955ರ ನವೆಂಬರಿನಲ್ಲಿ ಅಲ್ಲಿನ ಒಂದು ಪತ್ರಿಕೆ ಈ ಮನೆ ಉಳಿಯಬೇಕು ಎಂದು ಬರೆಯಿತು. ಜನ ಬಂದು ಮನೆಯ ಮುಂದೆ ನಿಂತರು. 1957ರ ಮೇ 3ರಂದು ಒಂದು ಪ್ರತಿಷ್ಠಾನ ಆಯಿತು. ಅದರ ಹಿಂದೆ ಓಟೋ ಫ್ರಾಂಕ್ ಇದ್ದರು, ಅನ್ನ ತಂದುಕೊಟ್ಟ ನಾಲ್ವರಲ್ಲಿ ಒಬ್ಬರಾದ ಕ್ಲೈಮನ್ ಇದ್ದರು. ಅದೇ ವರ್ಷ, ಕೆಡವಲು ಹೊರಟಿದ್ದ ಮಾಲೀಕರೇ ಮನೆಯನ್ನು ಪ್ರತಿಷ್ಠಾನಕ್ಕೆ ದಾನ ಕೊಟ್ಟರು. ಮನೆ ಕೊಳ್ಳಲೆಂದು ಕೂಡಿಸಿದ್ದ ಹಣದಲ್ಲಿ ಪಕ್ಕದ 265ನೇ ನಂಬರಿನ ಮನೆ ಕೊಂಡರು. ಸಾಲಿನ ಉಳಿದ ಮನೆಗಳನ್ನು ಕೆಡವಿದರು. 1960ರ ಮೇ 3ರಂದು ಮನೆ ಜನರಿಗೆ ತೆರೆಯಿತು. ಕ್ಲೈಮನ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೊದಲ ವರ್ಷ ಬಂದವರು ಒಂಬತ್ತು ಸಾವಿರ ಚಿಲ್ಲರೆ ಜನ. ಈಚೆಗೆ ವರ್ಷಕ್ಕೆ ಹತ್ತು ಲಕ್ಷ ದಾಟಿದ್ದಿದೆ.

ನಾನು ಒಳಗೆ ಹೋದಾಗ ಅಲ್ಲಿ ನೋಡಲು ಏನೂ ಇರಲಿಲ್ಲ ಎಂದರೂ ನಡೆಯುತ್ತದೆ. ಕೋಣೆಗಳನ್ನು ಖಾಲಿಯಾಗಿಯೇ ಇಡಿ ಎಂದು ಓಟೋ ಫ್ರಾಂಕ್ ಕೇಳಿಕೊಂಡಿದ್ದರು. ಖಾಲಿ ಮಾಡಿದವರು ಖಾಲಿ ಮಾಡಿದ್ದು ಕಾಣಲಿ ಎಂದು. ಆದರೆ ಗೋಡೆಯ ಕಾಗದದ ಮೇಲೆ ಪೆನ್ಸಿಲಿನ ಗೆರೆಗಳಿವೆ. ಹೆಣ್ಣುಮಕ್ಕಳು ಎಷ್ಟು ಉದ್ದವಾದರು ಎಂದು ಗುರುತು ಮಾಡಿದ ಗೆರೆ. ನಾವು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತೇವಲ್ಲ, ಅದೇ. ಹೊರಗಿನ ಬಿಸಿಲಿಲ್ಲದೆ, ಓಡಾಟವಿಲ್ಲದೆ ಆನ್ ಆ ಕೋಣೆಗಳಲ್ಲಿ ಹದಿಮೂರು ಸೆಂಟಿಮೀಟರಿಗೂ ಹೆಚ್ಚು ಬೆಳೆದಿದ್ದಳು. ಕಪಾಟೂ ಹಾಗೇ ಇದೆ. ಆ ಮೆಟ್ಟಿಲ ಮೇಲೆ ಯಾರೂ ಮಾತಾಡುವುದಿಲ್ಲ.

ಇದು ದೂರದ ದೇಶದ ಕತೆ, ನಮಗೇನು ಎನ್ನಬೇಡಿ. ಜಮೀನಿನ ವ್ಯಾಜ್ಯಕ್ಕೆಂದು ಬೆಂಗಳೂರಿನ ಹೈಕೋರ್ಟಿಗೆ ಅಲೆದವರು ಇಲ್ಲಿ ಇದ್ದೀರಿ. ಆ ಕೆಂಪು ಕಟ್ಟಡಕ್ಕೆ ಅಠಾರ ಕಚೇರಿ ಎನ್ನುತ್ತಾರೆ. 1868ರಲ್ಲಿ ಮುಗಿದಾಗ ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿದ್ದವು, ಅದಕ್ಕೆ ಆ ಹೆಸರು. 1956ರಲ್ಲಿ ಎದುರಿಗೆ ವಿಧಾನಸೌಧ ಎದ್ದಿತು, ಸಚಿವಾಲಯ ಅಲ್ಲಿಗೆ ಹೋಯಿತು, ಹಳೇ ಕಟ್ಟಡ ಹೈಕೋರ್ಟಿನದಾಯಿತು. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು, ಕಟ್ಟಡ ಉಳಿಯಿತು. ಇವತ್ತು ಅದಿಲ್ಲದ ಕಬ್ಬನ್ ಪಾರ್ಕ್ ನೆನೆಸಿಕೊಳ್ಳಲೂ ಆಗುವುದಿಲ್ಲ.

ಈಗ ನಮ್ಮ ಹಳೇ ಕಟ್ಟಡಕ್ಕೆ ಬರೋಣ. ಆಮ್‌ಸ್ಟರ್‌ಡ್ಯಾಮಿನ ಮನೆಯಲ್ಲಿ ನಡೆದಂಥದ್ದು ನಮ್ಮಲ್ಲಿ ನಡೆದಿಲ್ಲ, ಎಲ್ಲೂ ನಡೆಯದಿರಲಿ. ಹೋಲಿಸಲು ಹೇಳುತ್ತಿಲ್ಲ. ಆದರೆ ನಮ್ಮ ಕಟ್ಟಡವೂ ಕೆಲಸ ಬದಲಿಸುತ್ತ ಬಂದದ್ದೇ. ಹಿರಿಯರು ಹೇಳುವ ಪ್ರಕಾರ ಅದು ಮೊದಲು ಸಂತೆಗೆ ಬರುವವರು ತಂಗುತ್ತಿದ್ದ ಛತ್ರ. ಆಮೇಲೆ ಸೊಸೈಟಿಯವರು ಗೊಬ್ಬರದ ಮೂಟೆ ಇಡುತ್ತಿದ್ದರು. ಐವತ್ತು ವರ್ಷದ ಹಿಂದೆ ಹೈಸ್ಕೂಲು ಮಂಜೂರಾದಾಗ ಬೇರೆ ಜಾಗವಿಲ್ಲದೆ, ಊರವರೇ ಮೂಟೆ ಹೊರಹಾಕಿ, ಸಗಣಿ ಸಾರಿಸಿ, ಎಂಟನೇ ತರಗತಿ ಶುರುಮಾಡಿಸಿದರು. ನಮ್ಮ ಕಾಲಕ್ಕೆ ಅದು ವಿಜ್ಞಾನದ ಕೊಠಡಿ. ಆಮೇಲೆ ಬಿಸಿಯೂಟದ ಅಡುಗೆಮನೆ. ಚುನಾವಣೆ ಬಂದಾಗ ಮತಗಟ್ಟೆ. ಈಗ ಮುರಿದ ಬೆಂಚು, ಹಳೇ ಸೈಕಲ್ ಇಟ್ಟು ಬೀಗ ಹಾಕಿದೆ. ಅಂದರೆ ಆಗ ಹೇಳಿದ ನಡುವಿನ ಅಪಾಯದ ವರ್ಷಗಳಲ್ಲಿ ಅದು ಈಗ ಇದೆ. ಉಪಯೋಗ ನಿಂತಿದೆ, ನೆನಪು ಯಾರೂ ಬರೆದಿಟ್ಟಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಹತ್ತಿಪ್ಪತ್ತು ವರ್ಷದ ಹಿಂದೆ ಯಾರೋ ಬರೆದ ಪ್ರೋಗ್ರಾಂ ಸಿಗುತ್ತದೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಹೊಸಬರಿಗೆ ಅದನ್ನು ಅಳಿಸಿಹಾಕುವ ಆತುರ. ಆಗ ತಿಳಿದವರು ಹೇಳುತ್ತಾರೆ: ಅಳಿಸು, ಬೇಡ ಎನ್ನುವುದಿಲ್ಲ, ಆದರೆ ಇದು ಯಾಕೆ ಇದೆ ಎಂದು ಮೊದಲು ತಿಳಿದುಕೊಂಡು ಆಮೇಲೆ ಅಳಿಸು.

ಹಾಗಾಗಿ ನಾನು ಕೆಡವಲೇಬೇಡಿ ಎಂದು ಹಟ ಮಾಡುವುದಿಲ್ಲ. ಹೊಸ ಕೊಠಡಿ ಬೇಕು ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಪಡುವಣ ಗೋಡೆ ಬಿರುಕು ಬಿಟ್ಟಿದೆ, ಮಕ್ಕಳ ತಲೆಯ ಮೇಲೆ ಹೆಂಚು ಬಿದ್ದರೆ ಯಾವ ಇತಿಹಾಸವೂ ಉತ್ತರ ಕೊಡುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಮನೆಯನ್ನೂ ಕೆಡವಿ ಕಟ್ಟಿದ್ದರು ಎಂದು ಮೊದಲೇ ಹೇಳಿದೆ. ನಾನು ಕೇಳುವುದು ಮೂರು ವಿಷಯ.

ಒಂದು, ತೀರ್ಮಾನಕ್ಕೆ ಮೊದಲು ಹಳೇ ಕಟ್ಟಡಗಳ ಕೆಲಸ ಬಲ್ಲ ಸಿವಿಲ್ ಎಂಜಿನಿಯರರೊಬ್ಬರಿಂದ ತಪಾಸಣೆ ಆಗಲಿ. ಗೋಡೆ ಕೆಟ್ಟಿದೆಯೋ, ಬರೀ ಛಾವಣಿ ಕೆಟ್ಟಿದೆಯೋ ಗೊತ್ತಾಗಲಿ. ಎಷ್ಟೋ ಕಡೆ ಹೆಂಚು ತೆಗೆದು, ಗೆದ್ದಲು ತಿಂದ ರೀಪರು ಬದಲಾಯಿಸಿದರೆ ಸಾಕಾಗುತ್ತದೆ. ಅದರ ಖರ್ಚು ನಮ್ಮ ಬ್ಯಾಚಿನವರದ್ದು, ಇದನ್ನು ನಮ್ಮೆಲ್ಲರ ಪರವಾಗಿ ಹೇಳುತ್ತಿದ್ದೇನೆ.

ಎರಡು, ಉಳಿಸುವುದಾದರೆ ಅದಕ್ಕೊಂದು ಕೆಲಸ ಕೊಡಿ. ಸುಣ್ಣ ಬಳಿದು ಫಲಕ ಹಾಕಿ ಬೀಗ ಜಡಿದರೆ ಹತ್ತು ವರ್ಷದಲ್ಲಿ ಮತ್ತೆ ಇದೇ ಸಭೆ ಮಾಡಬೇಕಾಗುತ್ತದೆ. ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳು ಕೂತು ಓದಲು ಒಂದು ಜಾಗ ಮಾಡಿ. ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳು ನನ್ನ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಎರಡು ಟ್ಯೂಬ್‌ಲೈಟು, ಒಂದು ಕಪಾಟು ಪುಸ್ತಕ, ಬೀಗದ ಕೈ ಹಿಡಿಯಲು ಒಬ್ಬ ಜವಾಬ್ದಾರಿ ಮನುಷ್ಯ ಸಾಕು.

ಮೂರು, ಉಳಿಸಲಿ ಕೆಡವಲಿ, ಬರೆದಿಡಿ. ಛತ್ರದ ಕಾಲ ಕಂಡವರು ಊರಿನಲ್ಲಿ ಈಗ ಬೆರಳೆಣಿಕೆಯಷ್ಟು ಜನ. ಮಕ್ಕಳೇ, ಇದು ನಿಮ್ಮ ಕೆಲಸ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಮೂಟೆ ಹೊತ್ತವರು ಯಾರು, ಸಾರಿಸಿದವರು ಯಾರು, ಮೊದಲ ದಿನ ಎಷ್ಟು ಹೆಣ್ಣುಮಕ್ಕಳು ಶಾಲೆಗೆ ಬಂದರು, ಯಾರನ್ನು ಯಾವ ಬಾಗಿಲಲ್ಲಿ ಕೂರಿಸುತ್ತಿದ್ದರು, ಎಲ್ಲವನ್ನೂ ಕೇಳಿ. ಹಿತವಾದದ್ದು ಮಾತ್ರವಲ್ಲ, ಹಿತವಲ್ಲದ್ದನ್ನೂ ಬರೆಯಿರಿ. ಹದಿಮೂರು ವರ್ಷದ ಹುಡುಗಿಯೊಬ್ಬಳು ಬರೆದಿಟ್ಟಿದ್ದರಿಂದಲೇ ಒಂದು ಇಟ್ಟಿಗೆ ಮನೆ ಉಳಿದದ್ದು. ಗೋಡೆಯನ್ನು ಕಾಗದ ಉಳಿಸಿತು.

ಮುಂದಿನ ವಾರ ಎಸ್‌ಡಿಎಂಸಿ ಸಭೆ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಎಂಜಿನಿಯರ್ ತಪಾಸಣೆಯ ವಿಷಯವನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮಂಥ ದೂರದ ಊರಿನಲ್ಲಿರುವವರು ಬರಲಾಗದಿದ್ದರೂ ನೀವು ಹೇಳಿದ ಕೆಲಸಕ್ಕೆ ಇದ್ದೇವೆ.